ಬ್ರಾಯ್ಲರ್ ಕೋಳಿಯ ತೂಕ, ಕಾಲು, ಜೀನು: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆ ಸುತ್ತಮುತ್ತ ಕೋಳಿ ಸಾಕುವವರಲ್ಲಿ, ಶೆಡ್ಡಿನಲ್ಲಿ ದುಡಿಯುವವರಲ್ಲಿ ಕನ್ನಡದವರು ಬಹಳ ಜನ ಇದ್ದಾರೆ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯವರು, ಸೊಲ್ಲಾಪುರದ ಕನ್ನಡಿಗರು. ನಾನು ಪಶುವೈದ್ಯ. ಉರುಳಿ ಕಾಂಚನ್, ಸಾಸವಡ, ಶಿರೂರು ಕಡೆಯ ಫಾರ್ಮುಗಳಿಗೆ ಹೋದಾಗ ಕೇಳುತ್ತಾರೆ, ಫೋನಿನಲ್ಲಿ ಕೇಳುತ್ತಾರೆ, ಕನ್ನಡ ಸಂಘದ ಕಾರ್ಯಕ್ರಮ ಮುಗಿಸಿ ಊಟಕ್ಕೆ ಕೂತಾಗಲೂ ಕೇಳುತ್ತಾರೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದದ್ದನ್ನಷ್ಟೇ ಓದಿದರೂ ಸಾಕು.

## ಎಲ್ಲರೂ ಕೇಳುವುದು

ಆರ್ ವಾರಕ್ಕ ಎರಡೂವರೆ ಕೆಜಿ ಆಗ್ತದ ಅಂದ್ರ ಹಾರ್ಮೋನ್ ಚುಚ್ಚೇ ಚುಚ್ತಾರಲ್ರೀ?

ಇಲ್ಲ. ಬೆಳವಣಿಗೆಯ ಹಾರ್ಮೋನು ಒಂದು ಪ್ರೋಟೀನು. ಫೀಡಿನಲ್ಲಿ ಬೆರೆಸಿದರೆ ಬೇಳೆ ಕರಗಿದ ಹಾಗೆ ಹೊಟ್ಟೆಯಲ್ಲೇ ಕರಗಿ ಹೋಗುತ್ತದೆ. ಚುಚ್ಚುವುದಾದರೆ ಮತ್ತೆ ಮತ್ತೆ ಚುಚ್ಚಬೇಕು. ಹತ್ತು ಸಾವಿರ ಕೋಳಿಯ ಶೆಡ್ಡಿನಲ್ಲಿ ಒಂದೊಂದನ್ನೇ ಹಿಡಿದು ಚುಚ್ಚುವಷ್ಟು ಆಳುಗಳು ಯಾರ ಹತ್ತಿರ ಇದ್ದಾರೆ? ಕೋಳಿ ಮಾರಿದ ದುಡ್ಡು ಆ ಖರ್ಚಿಗೇ ಸಾಲುವುದಿಲ್ಲ.

ತೂಕ ಬಂದದ್ದು ತಳಿಯಿಂದ. ಕೆನಡಾದ ಆಲ್ಬರ್ಟಾ ಯೂನಿವರ್ಸಿಟಿಯವರು 1957ರ ಮತ್ತು 1978ರ ಮಾಂಸದ ಕೋಳಿ ತಳಿಗಳನ್ನು ಬದಲಾಗದ ಹಾಗೆ ಕಾಪಾಡಿಕೊಂಡು ಬಂದಿದ್ದರು. ಅವನ್ನು 2005ರ ಬ್ರಾಯ್ಲರ್ ಜೊತೆ ಒಂದೇ ಫೀಡು ಕೊಟ್ಟು ಬೆಳೆಸಿದರು. 56ನೇ ದಿನದ ತೂಕ ಹೀಗಿತ್ತು: 1957ರ ಕೋಳಿ 905 ಗ್ರಾಂ, 1978ರದ್ದು 1,808 ಗ್ರಾಂ, 2005ರದ್ದು 4,202 ಗ್ರಾಂ. ಫೀಡು ಒಂದೇ, ಜಾಗ ಒಂದೇ. ಬೇರೆ ಇದ್ದದ್ದು ರಕ್ತ ಮಾತ್ರ. ಅಮೆರಿಕದಲ್ಲಿ ಇಂಥದೇ ಇನ್ನೊಂದು ಹೋಲಿಕೆ ಮಾಡಿದವರು, ಒಟ್ಟು ಬದಲಾವಣೆಯಲ್ಲಿ ನೂರಕ್ಕೆ 85ರಿಂದ 90 ಪಾಲು ತಳಿಯಿಂದ, ಉಳಿದದ್ದು ಫೀಡಿನಿಂದ ಎಂದು ಲೆಕ್ಕ ಕೊಟ್ಟರು.

ಹಾಗಾದ್ರೆ ಇದು ಬಿಟಿ ಹತ್ತಿ ಥರ ಜಿಎಂ ಕೋಳಿನಾ?

ಅದೂ ಅಲ್ಲ. ಜಿಎಂ ಅಂದರೆ ಲ್ಯಾಬಿನಲ್ಲಿ ಜೀನು ಬದಲಿಸಿದ್ದು. ನಿಮ್ಮ ಅಜ್ಜ ಚೆನ್ನಾಗಿ ಹಾಲು ಕೊಡುವ ಎಮ್ಮೆಯ ಕರುವನ್ನೇ ಉಳಿಸಿಕೊಳ್ಳುತ್ತಿದ್ದರು, ಅಲ್ವಾ? ಅದೇ ಕೆಲಸ ಇದು. ಲೆಕ್ಕ ಇಟ್ಟು, ಪ್ರತಿ ತಲೆಮಾರಿನಲ್ಲೂ ಬಿಡದೆ ಮಾಡಿದ್ದಾರೆ, ಅಷ್ಟೇ. ಇಂದಿನ ಬ್ರಾಯ್ಲರಿನ ಮೂಲದಲ್ಲಿ ಕಾರ್ನಿಷ್ ಮತ್ತು ವೈಟ್ ಪ್ಲಿಮತ್ ರಾಕ್ ಎಂಬ ಎರಡು ತಳಿಗಳಿವೆ. ಕಾರ್ನಿಷ್ ಇಂಗ್ಲೆಂಡಿನದು. ಆದರೆ ಅದಕ್ಕೆ ಮೊದಲಿದ್ದ ಹೆಸರು 'ಇಂಡಿಯನ್ ಗೇಮ್', ಯಾಕೆಂದರೆ ನಮ್ಮ ಅಸೀಲ್ ಕೋಳಿಯ ರಕ್ತ ಅದರಲ್ಲಿದೆ. ಆ ಅಗಲವಾದ ಎದೆ ಅಲ್ಲಿಂದ ಬಂದದ್ದು.

ಜೆನೆಟಿಕ್ ಮಾರ್ಕರ್ ಅಂದ್ರೆ ಏನು? ಮನೇಲಿ ಅವ್ವಗೆ ಹೇಳೋ ಹಾಗೆ ಹೇಳಿ.

ಹೊಲದ ಬಾಂದುಗಲ್ಲು ನೆನಪಿಸಿಕೊಳ್ಳಿ. ಕಲ್ಲು ಬೆಳೆ ಕೊಡುವುದಿಲ್ಲ. ಆದರೆ ಯಾರ ಹೊಲ ಎಲ್ಲಿ ಶುರುವಾಗುತ್ತದೆ ಅಂತ ಅದನ್ನು ನೋಡಿ ಹೇಳಬಹುದು. ಮಾರ್ಕರ್ ಕೂಡ ಹಾಗೆ.

ಕೋಳಿಯ ಡಿಎನ್‌ಎ ಸುಮಾರು ನೂರು ಕೋಟಿ ಅಕ್ಷರಗಳ ಬರಹ. ಅಕ್ಷರ ನಾಲ್ಕೇ: ಎ, ಟಿ, ಜಿ, ಸಿ. ಅದು 39 ಜೋಡಿ ಕ್ರೋಮೋಸೋಮುಗಳಲ್ಲಿ ಹಂಚಿಹೋಗಿದೆ. ಎರಡು ಕೋಳಿಗಳ ಬರಹ ಹೆಚ್ಚುಕಡಿಮೆ ಒಂದೇ. ಅಲ್ಲಲ್ಲಿ ಮಾತ್ರ ಒಂದರಲ್ಲಿ 'ಎ' ಇರುವ ಕಡೆ ಇನ್ನೊಂದರಲ್ಲಿ 'ಜಿ' ಇರುತ್ತದೆ. ಈ ಒಂದಕ್ಷರದ ವ್ಯತ್ಯಾಸಕ್ಕೆ 'ಸ್ನಿಪ್' ಎನ್ನುತ್ತಾರೆ. ಒಂದು ಸ್ನಿಪ್ಪಿನ ಹತ್ತಿರವೇ ತೂಕಕ್ಕೆ ಸಂಬಂಧಪಟ್ಟ ಜೀನು ಇದ್ದರೆ, ಎರಡೂ ಒಟ್ಟಿಗೆ ತಾಯಿಯಿಂದ ಮರಿಗೆ ಹೋಗುತ್ತವೆ. ಕಲ್ಲು ಕಂಡರೆ ಹೊಲ ಪಕ್ಕದಲ್ಲೇ ಇದೆ ಅಂತ ಅರ್ಥ. ಕೆಲವೊಮ್ಮೆ ಆ ಸ್ನಿಪ್ಪೇ ನಿಜವಾದ ಕಾರಣವೂ ಆಗಿರುತ್ತದೆ, ಆದರೆ ಅದು ಅಪರೂಪ.

ಇಡೀ ಬರಹವನ್ನು ಮೊದಲು ಓದಿ ಪ್ರಕಟಿಸಿದ್ದು 2004ರಲ್ಲಿ, ಕೆಂಪು ಕಾಡುಕೋಳಿಯದು.

ಕೋಳಿ ಕೊಯ್ಯದೆ ಡಿಎನ್‌ಎ ತೆಗೀಬಹುದಾ?

ಧಾರಾಳವಾಗಿ. ರೆಕ್ಕೆಯ ನರದಿಂದ ಒಂದು ಹನಿ ರಕ್ತ ಸಾಕು. ನಮ್ಮ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇರುವುದಿಲ್ಲ, ಹಕ್ಕಿಗಳದ್ದರಲ್ಲಿ ಇರುತ್ತದೆ. ಹಾಗಾಗಿ ಕೋಳಿಯ ಒಂದು ಹನಿಯಲ್ಲೇ ಬೇಕಾದಷ್ಟು ಡಿಎನ್‌ಎ ಸಿಗುತ್ತದೆ. ಕಿತ್ತ ಪುಕ್ಕದ ಬುಡದಿಂದಲೂ ತೆಗೆಯುತ್ತಾರೆ.

ತೂಕದ ಜೀನ್ ಯಾವುದು, ಅದೊಂದನ್ನ ಹೇಳಿಬಿಡಿ.

ಒಂದಲ್ಲ, ಅದೇ ಇಲ್ಲಿನ ಮುಖ್ಯ ಮಾತು. ಕೆಲವು ಗುಣಗಳಿಗೆ ಒಂದೇ ಜೀನು ಸಾಕು. ಪುಣೆಯಲ್ಲಿ ಈಗ ಜನ ಹುಡುಕಿಕೊಂಡು ಹೋಗುವ ಕಡಕ್‌ನಾಥ್ ಕೋಳಿ ನೋಡಿ. ಅದರ ಮಾಂಸ, ಚರ್ಮ, ಮೂಳೆಯ ಹೊದಿಕೆ ಎಲ್ಲ ಕಪ್ಪಾಗಲು 20ನೇ ಕ್ರೋಮೋಸೋಮಿನಲ್ಲಿ ಇಡಿಎನ್-3 ಎಂಬ ಜೀನು ಇರುವ ತುಂಡು ಎರಡೆರಡು ಸಲ ಬಂದಿರುವುದು ಕಾರಣ. ಬ್ರಾಯ್ಲರಿನ ಹಳದಿ ಚರ್ಮವೂ ಒಂದೇ ಜೀನಿನ ಕೆಲಸ. ಅದು ಬಂದದ್ದು ಕೆಂಪು ಕಾಡುಕೋಳಿಯಿಂದ ಅಲ್ಲ, ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಗೊತ್ತಾಯಿತು. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳಗಿನ ಜಾವ ಕೂಗುತ್ತದಲ್ಲ, ಅದೇ ಹಕ್ಕಿ. ಪ್ರಪಂಚದ ಯಾವುದೋ ಮೂಲೆಯ ಬ್ರಾಯ್ಲರಿನ ಕಾಲಿನಲ್ಲಿ ನಮ್ಮ ಕಾಡಿನ ಹಳದಿ ಇದೆ ಅಂದುಕೊಂಡರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ತೂಕ ಹಾಗಲ್ಲ. ನೂರಾರು ಕಡೆಯಿಂದ ಚೂರು ಚೂರು ಸೇರಿ ಆಗುವುದು. ಹೆಸರು ಮತ್ತೆ ಮತ್ತೆ ಕೇಳಿಬರುವ ಕೆಲವು ಜಾಗಗಳಿವೆ. 1ನೇ ಕ್ರೋಮೋಸೋಮಿನಲ್ಲಿ ಐಜಿಎಫ್-1: ಬೆಳವಣಿಗೆಯ ಹಾರ್ಮೋನಿನ ಸಂದೇಶವನ್ನು ಸ್ನಾಯು, ಮೂಳೆಗಳಿಗೆ ಮುಟ್ಟಿಸುವ ಪ್ರೋಟೀನು ಇದರದ್ದು. 4ನೇ ಕ್ರೋಮೋಸೋಮಿನಲ್ಲಿ ಎಲ್‌ಸಿಒಆರ್‌ಎಲ್ ಮತ್ತು ಎನ್‌ಸಿಎಪಿಜಿ ಎಂಬ ಅಕ್ಕಪಕ್ಕದ ಜೀನುಗಳು: ಇವೇ ಜೀನುಗಳು ದನ, ಕುದುರೆಯ ಗಾತ್ರದ ಜೊತೆಗೂ ಮನುಷ್ಯರ ಎತ್ತರದ ಜೊತೆಗೂ ತಳುಕು ಹಾಕಿಕೊಂಡಿವೆ. ಝಡ್ ಕ್ರೋಮೋಸೋಮಿನಲ್ಲಿ ಬೆಳವಣಿಗೆ ಹಾರ್ಮೋನಿನ ರಿಸೆಪ್ಟರ್, ಅಂದರೆ ಆ ಹಾರ್ಮೋನಿನ ಸಂದೇಶ ಹಿಡಿಯುವ ಪ್ರೋಟೀನು. ಸ್ನಾಯು ಅತಿಯಾಗಿ ಬೆಳೆಯದಂತೆ ತಡೆಯುವ ಮಯೋಸ್ಟ್ಯಾಟಿನ್. ಇವುಗಳಲ್ಲಿ ಯಾವುದೊಂದೂ ಒಬ್ಬಂಟಿಯಾಗಿ ಕೋಳಿಯನ್ನು ಬ್ರಾಯ್ಲರ್ ಮಾಡುವುದಿಲ್ಲ.

## ಕಾಲು ಮತ್ತು ಮೂಳೆ

ಮರಿ ಚಂದ ತಿಂತಾವ, ತೂಕಾನೂ ಬರ್ತದ. ನಾಕನೇ ವಾರಕ್ಕ ಕಾಲ್ ಮಡಚಿ ಕೂತಬಿಡ್ತಾವ. ಜಾತಿ ದೋಷಾನೋ ಫೀಡ್ ದೋಷಾನೋ?

ನನಗೆ ಅತಿ ಹೆಚ್ಚು ಬರುವ ಫೋನು ಇದು. 'ಲೆಗ್ ವೀಕ್ನೆಸ್' ಅಂತ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳನ್ನು ಕರೆಯುತ್ತೇವೆ. ಅದಕ್ಕೇ ಔಷಧಿ ತಪ್ಪುತ್ತದೆ.

ಮೂಳೆ ಉದ್ದ ಬೆಳೆಯುವುದು ಅದರ ತುದಿಯ ಹತ್ತಿರದ ಒಂದು ತೆಳು ಪಟ್ಟಿಯಲ್ಲಿ. ಅಲ್ಲಿ ಮೊದಲು ಮೆದುಮೂಳೆ ಹುಟ್ಟುತ್ತದೆ, ಆಮೇಲೆ ಅದರೊಳಗೆ ರಕ್ತನಾಳ ನುಗ್ಗುತ್ತದೆ, ಕ್ಯಾಲ್ಸಿಯಂ ಮತ್ತು ರಂಜಕ (ಫಾಸ್ಫರಸ್) ಕೂತು ಗಟ್ಟಿಯಾಗುತ್ತದೆ. ಹ್ಯಾಚರಿಯಿಂದ ಬಂದ ದಿನ 40-45 ಗ್ರಾಂ ಇರುವ ಮರಿ ಒಂದೇ ವಾರದಲ್ಲಿ ನಾಲ್ಕರಷ್ಟಕ್ಕಿಂತ ಜಾಸ್ತಿ ತೂಕ ಆಗುತ್ತದೆ. ಆ ವೇಗಕ್ಕೆ ಗಟ್ಟಿಯಾಗುವ ಕೆಲಸ ಹಿಂದೆ ಬಿದ್ದರೆ ಕಾಲು ಸೋಲುತ್ತದೆ.

ಎರಡು-ಮೂರು ವಾರಕ್ಕೇ ಒಟ್ಟಿಗೆ ಬಹಳ ಮರಿಗಳು ಕೂತರೆ, ಕೊಕ್ಕು ರಬ್ಬರಿನ ಹಾಗೆ ಬಾಗಿದರೆ, ಅದು ರಿಕೆಟ್ಸ್. ಫೀಡಿನಲ್ಲಿ ವಿಟಮಿನ್ ಡಿ, ರಂಜಕ ಅಥವಾ ಕ್ಯಾಲ್ಸಿಯಂ ಎಡವಟ್ಟಾಗಿದೆ. ಇದರಲ್ಲಿ ಜೀನಿನ ಮೇಲೆ ದೂರು ಹೊರಿಸಬೇಡಿ.

ಸತ್ತ ಕೋಳಿಯ ತಂಗಡಿ ಮೂಳೆಯನ್ನು, ಅಂದರೆ ಲೆಗ್ ಪೀಸಿನ ಮೂಳೆಯನ್ನು, ಮೇಲ್ತುದಿಯಿಂದ ಉದ್ದಕ್ಕೆ ಸೀಳಿ. ಮಂಡಿಯ ಕೆಳಗೆ ಬಿಳಿ ಮೆದುಮೂಳೆಯ ಗಂಟು ಬೆಣೆಯ ಹಾಗೆ ಕೂತಿದ್ದರೆ ಅದು ಟಿಬಿಯಲ್ ಡಿಸ್‌ಕಾಂಡ್ರೋಪ್ಲೇಸಿಯಾ, ನಾವು ಟಿಡಿ ಎನ್ನುತ್ತೇವೆ. ಇದರಲ್ಲಿ ತಳಿಯ ಪಾಲು ಖಚಿತವಾಗಿ ಇದೆ. ಆರಿಸಿ ಆರಿಸಿ ಕೂಡಿಸಿ ಟಿಡಿ ಜಾಸ್ತಿ ಇರುವ ಸಾಲು (ಅಂದರೆ ಒಂದೇ ವಂಶದ ಕೋಳಿಗಳು), ಕಡಿಮೆ ಇರುವ ಸಾಲು ಎರಡನ್ನೂ ಸಂಶೋಧಕರು ಮಾಡಿ ತೋರಿಸಿದ್ದಾರೆ. ಆದರೆ ಫೀಡಿಗೂ ಪಾಲಿದೆ. ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ ಆದರೆ ಟಿಡಿ ಏರುತ್ತದೆ. ಥೈರಾಮ್ ಹಚ್ಚಿದ ಬಿತ್ತನೆಯ ಮೆಕ್ಕೆಜೋಳ ತಪ್ಪಿ ಫೀಡಿಗೆ ಸೇರಿದರೂ ಟಿಡಿ ಬರುತ್ತದೆ. ಬಿತ್ತನೆ ಉಳಿದಿದೆ ಅಂತ ದಯವಿಟ್ಟು ಕೋಳಿಗೆ ಹಾಕಬೇಡಿ.

ತೊಡೆಯ ಮೂಳೆಯನ್ನು ಸೊಂಟದಿಂದ ಬಿಡಿಸಿದಾಗ ಅದರ ತಲೆ ಪುಡಿಪುಡಿಯಾಗಿ ಕೈಗೆ ಬಂದರೆ ಅದು ಬಿಸಿಒ. ಭಾರಕ್ಕೆ ಬೆಳೆಯುವ ಪಟ್ಟಿಯಲ್ಲಿ ಸಣ್ಣ ಬಿರುಕು ಬಿಡುತ್ತದೆ, ರಕ್ತದಲ್ಲಿ ಬಂದ ಬ್ಯಾಕ್ಟೀರಿಯಾ ಅಲ್ಲಿ ಮನೆ ಮಾಡುತ್ತದೆ, ಮೂಳೆ ಕೊಳೆಯುತ್ತದೆ. ನೀರಿಗೆ ಆಂಟಿಬಯಾಟಿಕ್ ಹಾಕಿದರೆ ಕೂತ ಕೋಳಿ ಏಳುವುದು ಕಷ್ಟ. ನಾಲ್ಕನೆಯದು ಕಾಲು ಒಳಕ್ಕೆ ಅಥವಾ ಹೊರಕ್ಕೆ ಸೊಟ್ಟಗಾಗುವುದು. ಅದು ಕಣ್ಣಿಗೇ ಕಾಣುತ್ತದೆ.

ಒಮ್ಮೆ ಒಂದು ಬ್ಯಾಚಿನಲ್ಲಿ ಮೂರನೇ ವಾರಕ್ಕೆ ನೂರಾರು ಮರಿ ಕೂತವು. ಸೂಪರ್‌ವೈಸರ್ "ಮರಿಯ ಜಾತಿಯೇ ಸರಿಯಿಲ್ಲ" ಎಂದು ಬರೆದುಕೊಟ್ಟು ಹೋಗಿದ್ದರು. ನಾವು ಐದು ಮರಿ ಕೊಯ್ದು ನೋಡಿದೆವು. ಮೂಳೆ ಮುರಿಯುತ್ತಲೇ ಇರಲಿಲ್ಲ, ಬಾಗುತ್ತಿತ್ತು. ಫೀಡು ಪರೀಕ್ಷೆಗೆ ಕಳಿಸಿದಾಗ ರಂಜಕವೇ ಕಡಿಮೆ ಇತ್ತು. ಆ ರೈತನ ಒಂದು ಬ್ಯಾಚಿನ ಕೂಲಿ ಹೋಯಿತು. ಒಂದು ಚಾಕು ಹಿಡಿದು ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಅದಕ್ಕೇ ಸೀಳಿ ನೋಡುವುದನ್ನು ಕಲಿಯಿರಿ ಅಂತ ಎಲ್ಲರಿಗೂ ಬೇಡಿಕೊಳ್ಳುತ್ತೇನೆ.

ತೂಕ ಬೇಕು ಅಂದ್ರೆ ಕಾಲು ಬಿಡಲೇಬೇಕಾ? ಎರಡೂ ಸಿಗಲ್ವಾ?

ಸಿಗುತ್ತದೆ, ಆದರೆ ತಾನಾಗೇ ಸಿಗುವುದಿಲ್ಲ. ವೇಗವಾಗಿ ಬೆಳೆದ ಕೋಳಿಯ ಮೂಳೆಯ ಗೋಡೆಯಲ್ಲಿ ತೂತುಗಳು ಜಾಸ್ತಿ, ಖನಿಜ ಕಡಿಮೆ. ತೂಕ ಒಂದನ್ನೇ ನೋಡಿ ಆರಿಸಿದರೆ ಕಾಲು ಕೆಡುತ್ತದೆ. ಬ್ರಿಟನ್‌ನಲ್ಲಿ 51,000 ಬ್ರಾಯ್ಲರುಗಳ ನಡಿಗೆಯನ್ನು ನೋಡಿ 2008ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಸುಮಾರು 40 ದಿನದ ಹೊತ್ತಿಗೆ ಶೇ. 27.6 ಕೋಳಿಗಳ ನಡಿಗೆ ಕೆಟ್ಟಿತ್ತು, ಶೇ. 3.3 ನಡೆಯಲಾರದ ಸ್ಥಿತಿಯಲ್ಲಿದ್ದವು. ಆ ಶೇ. 3.3 ಕೋಳಿಗಳಿಗೆ ಎದ್ದು ಹೋಗಿ ನೀರು ಕುಡಿಯುವುದೇ ದೊಡ್ಡ ಕೆಲಸ.

ಆದರೆ ತೂಕ ಮತ್ತು ಕಾಲಿನ ದೋಷದ ನಡುವಿನ ಜೀನಿನ ನಂಟು ಬಿಡಿಸಲಾರದಷ್ಟು ಗಟ್ಟಿಯಿಲ್ಲ. ದೊಡ್ಡ ತಳಿ ಕಂಪನಿಗಳು 1980ರ ದಶಕದಿಂದ ಕೈಯಲ್ಲಿ ಹಿಡಿಯುವ ಸಣ್ಣ ಎಕ್ಸ್‌ರೇ ಯಂತ್ರದಿಂದ ಟಿಡಿ ಇರುವ ಹಕ್ಕಿಯನ್ನು ಗುರುತಿಸಿ ತಳಿಯಿಂದ ಹೊರಗೆ ಹಾಕುತ್ತಿವೆ. 25 ವರ್ಷಗಳ ದಾಖಲೆ ನೋಡಿದಾಗ, ಹಾಗೆ ಮಾಡಿದ ಸಾಲುಗಳಲ್ಲಿ ತೂಕ ಏರುತ್ತಾ ಹೋದರೂ ಕಾಲಿನ ದೋಷ ಇಳಿದಿತ್ತು. ತಕ್ಕಡಿಯಲ್ಲಿ ಕಾಲನ್ನೂ ಇಟ್ಟು ತೂಗಿದರೆ ಆಗುತ್ತದೆ. ಇಡದಿದ್ದರೆ ಎಷ್ಟು ಮಾರ್ಕರ್ ಇದ್ದರೂ ಆಗುವುದಿಲ್ಲ.

ಚಿಕನ್ ಬೇಯಿಸಿದಾಗ ಎಲುಬಿನ ಸುತ್ತ ಕಪ್ಪಗೆ, ಕೆಂಪಗೆ ಇರುತ್ತೆ. ಹಳಸಿದ್ದಾ?

ಅಲ್ಲ. ಎಳೆ ಕೋಳಿಯ ಮೂಳೆಯಲ್ಲಿ ಸಣ್ಣ ತೂತುಗಳಿರುತ್ತವೆ. ಒಳಗಿನ ಮಜ್ಜೆಯ ಬಣ್ಣ ಅದರಿಂದ ಸೋರಿ, ಬೇಯುವಾಗ ಕಪ್ಪಾಗುತ್ತದೆ. ಫ್ರೀಜ್ ಮಾಡಿದ ಚಿಕನ್ನಿನಲ್ಲಿ ಇನ್ನೂ ಜಾಸ್ತಿ. ಚೆನ್ನಾಗಿ ಬೆಂದಿದ್ದರೆ ತಿನ್ನಬಹುದು.

ಗಾವರಾನ್ ಕೋಳಿ ಎಲುಬು ಕಡಿಯಾಕ ಹಲ್ಲೇ ಸಾಲಂಗಿಲ್ಲ. ಅದರ ಜೀನ್ ಇದಕ್ಕ ಹಾಕಬಾರದ್ಯಾಕ?

ಇಲ್ಲಿನ ಗಾವರಾನ್, ನಮ್ಮ ಕಡೆಯ ಜವಾರಿ. ಅದರ ಮೂಳೆ ಗಟ್ಟಿ ಇರುವುದಕ್ಕೆ ಜೀನು ಒಂದೇ ಕಾರಣ ಅಲ್ಲ. ಅದು ಆರೇಳು ತಿಂಗಳು ಬದುಕಿರುತ್ತದೆ, ಕೆದಕುತ್ತದೆ, ಹಾರುತ್ತದೆ, ನಿಧಾನ ಬೆಳೆಯುತ್ತದೆ. ಬ್ರಾಯ್ಲರ್ ಸಾಯುವಾಗ ಇನ್ನೂ ಮಗು. ಆದರೂ ನಿಮ್ಮ ಯೋಚನೆ ಸರಿಯಾದ ದಾರಿಯಲ್ಲೇ ಇದೆ. ಜೀನು ಹುಡುಕಲು ಸಂಶೋಧಕರು ಇಂಥದೇ ಜೋಡಿಯನ್ನು ಕೂಡಿಸುತ್ತಾರೆ. ಅದನ್ನು ಕೆಳಗೆ ಬರೆದಿದ್ದೇನೆ.

## ರೈತರ ಕೈಯಲ್ಲಿರುವುದು

ನನ್ನ ಮರಿಗಳಿಗೆ ಈ ಮಾರ್ಕರ್ ಟೆಸ್ಟ್ ಮಾಡಿಸಬಹುದಾ?

ಮಾಡಿಸಿ ಉಪಯೋಗವಿಲ್ಲ. ಆಯ್ಕೆ ನಡೆಯುವುದು ಮೇಲೆ, ತಳಿ ಕಂಪನಿಗಳು ಬೇರೆ ಬೇರೆಯಾಗಿ ಕಾಪಾಡಿಕೊಂಡ ಶುದ್ಧ ಸಾಲುಗಳಲ್ಲಿ. ಅಲ್ಲಿಂದ ಮುತ್ತಜ್ಜಿ, ಅಜ್ಜಿ, ತಾಯಿ ಅಂತ ಮೆಟ್ಟಿಲು ಇಳಿದು ಸಾಮಾನ್ಯವಾಗಿ ನಾಲ್ಕು ಸಾಲುಗಳು ಕೂಡಿದ ಮರಿ ನಿಮ್ಮ ಶೆಡ್ಡಿಗೆ ಬರುತ್ತದೆ. ಮೇಲಿನ ಒಂದು ತೀರ್ಮಾನ ನಿಮ್ಮ ತನಕ ಬರಲು ಸುಮಾರು ನಾಲ್ಕು ವರ್ಷ ಬೇಕು. ಪುಣೆ ಈ ಏಣಿಯ ಮಧ್ಯದಲ್ಲೇ ಕೂತಿರುವ ಊರು. ಡಾ. ಬಿ.ವಿ. ರಾವ್ ಅವರು 1971ರಲ್ಲಿ ಕಟ್ಟಿದ ವೆಂಕಟೇಶ್ವರ ಹ್ಯಾಚರೀಸ್‌ನ ಮುಖ್ಯ ಕಚೇರಿ ಇಲ್ಲಿದೆ, ಅವರ ಹೆಸರಿನ ಕೋಳಿ ಸಾಕಣೆ ಸಂಸ್ಥೆ ಉರುಳಿ ಕಾಂಚನ್‌ನಲ್ಲಿದೆ.

ನೀವು ಮಾಡಬಹುದಾದ ದೊಡ್ಡ ಕೆಲಸ ಬೇರೆ ಇದೆ. ರಾತ್ರಿ ಲೈಟು ಆರಿಸಿ. ಯುರೋಪಿನ ಕಾನೂನು ದಿನಕ್ಕೆ ಒಟ್ಟು 6 ಗಂಟೆ ಕತ್ತಲು, ಅದರಲ್ಲಿ 4 ಗಂಟೆ ಎಡೆಬಿಡದೆ ಇರಬೇಕು ಎನ್ನುತ್ತದೆ. "ಕತ್ತಲಾದರೆ ತಿನ್ನೋದು ಕಡಿಮೆ ಆಗುತ್ತೆ" ಅಂತ ಹೆದರಬೇಡಿ. ಕೋಳಿ ಬೇಗ ಹೊಂದಿಕೊಳ್ಳುತ್ತದೆ, ಕಾಲು ಸುಧಾರಿಸುತ್ತದೆ. ನೆಲಕ್ಕೆ ಹಾಸಿದ ಹೊಟ್ಟು ಒಣಗಿರಲಿ. ಮೊದಲ ವಾರ ಬ್ರೂಡಿಂಗಿನಲ್ಲಿ, ಅಂದರೆ ಮರಿಗೆ ಕಾವು ಕೊಡುವಾಗ, ಮರಿ ನಡುಗದಿರಲಿ. ಕುಂಟುವ ಕೋಳಿಗಳನ್ನು ದಿನವೂ ಎಣಿಸಿ ಬರೆದಿಡಿ, ಯಾವ ವಯಸ್ಸು, ಎಷ್ಟು ಅಂತ. ಆ ಚೀಟಿ ಹ್ಯಾಚರಿಯವರಿಗೆ ಮುಟ್ಟಲಿ. ಅವರಿಗೆ ತೂಕದ ಲೆಕ್ಕ ಎಲ್ಲರೂ ಕೊಡುತ್ತಾರೆ, ಕಾಲಿನ ಲೆಕ್ಕ ಕೊಡುವವರು ಕಡಿಮೆ.

ಬ್ರಾಯ್ಲರ್ ಮರಿ ಉಳಿಸಿ, ಮೊಟ್ಟೆ ಇಡಿಸಿ, ನಾನೇ ತಳಿ ಮಾಡಿದ್ರೆ?

ಬೇಡ. ಕೂಡಿಸಿದ ತಳಿಯ ಮಕ್ಕಳು ಒಂದೊಂದು ಒಂದೊಂದು ಥರ ಆಗುತ್ತವೆ. ಜೊತೆಗೆ ಹೊಟ್ಟೆ ತುಂಬ ತಿಂದ ಬ್ರಾಯ್ಲರ್ ಮೊಟ್ಟೆ ಇಡುವ ವಯಸ್ಸಿಗೆ ಬರುವಷ್ಟರಲ್ಲಿ ಕಾಲು, ಹೃದಯ ಎರಡೂ ಸೋತಿರುತ್ತವೆ. ಕಂಪನಿಗಳಲ್ಲಿ ಬ್ರಾಯ್ಲರಿನ ತಾಯಿ ಕೋಳಿಗಳಿಗೆ ಅಳೆದು ಕಡಿಮೆ ಫೀಡು ಕೊಡುವುದು ಇದಕ್ಕೇ. ಮನೆ ಹಿತ್ತಲಲ್ಲಿ ಸಾಕುವುದಾದರೆ ಬೆಂಗಳೂರಿನಲ್ಲಿ ತಯಾರಾದ ಗಿರಿರಾಜ, ಹೈದರಾಬಾದಿನ ವನರಾಜ ನೋಡಿ. ನಿಧಾನ ಬೆಳೆಯುತ್ತವೆ, ಕಾಲು ಗಟ್ಟಿ.

## ಒಳಗಿನ ಲೆಕ್ಕ

ಹೆರಿಟಬಿಲಿಟಿ 0.3 ಅಂದ್ರೆ ನನ್ನ ಕೋಳಿ ತೂಕದಲ್ಲಿ 30% ಜೀನಿಂದ ಬಂದದ್ದು ಅಂತ ಅಲ್ವಾ?

ಅಲ್ಲ, ಬಹಳ ಜನ ಹೀಗೇ ತಿಳಿಯುತ್ತಾರೆ. ಒಂದು ಹಿಂಡಿನಲ್ಲಿ ಕೋಳಿ ಕೋಳಿಗೂ ತೂಕ ಬೇರೆ ಇರುತ್ತದೆ. ಆ ವ್ಯತ್ಯಾಸದಲ್ಲಿ ಮಕ್ಕಳಿಗೆ ದಾಟುವ ಪಾಲು ಎಷ್ಟು ಎಂಬುದು ಹೆರಿಟಬಿಲಿಟಿ. ಒಂದು ಕೋಳಿಯನ್ನು ಹಿಡಿದು ಹೇಳುವ ಮಾತಲ್ಲ. ತೂಕಕ್ಕೆ ಇದು ಮಧ್ಯಮವಾಗಿದೆ, ಕಾಲಿನ ದೋಷಗಳಿಗೆ ಕಡಿಮೆ. ಅದಕ್ಕೇ ಕಾಲನ್ನು ಸುಧಾರಿಸಲು ತೂಕಕ್ಕಿಂತ ಜಾಸ್ತಿ ತಾಳ್ಮೆ ಬೇಕು.

ಒಂದೇ ಜೀನ್ ತೂಕಕ್ಕೂ ಮೂಳೆಗೂ ಕೆಲಸ ಮಾಡುತ್ತಾ?

ಮಾಡಬಹುದು. ಅಮೆರಿಕದ ಅಯೋವಾ ಸ್ಟೇಟ್ ಯೂನಿವರ್ಸಿಟಿಯವರು ಬ್ರಾಯ್ಲರ್ ಹುಂಜಗಳನ್ನು ಎರಡು ಹಗುರ ತಳಿಯ ಹೇಂಟೆಗಳಿಗೆ ಕೂಡಿಸಿದರು. ಒಂದು ಮೊಟ್ಟೆಯ ಲೆಗ್‌ಹಾರ್ನ್, ಇನ್ನೊಂದು ಈಜಿಪ್ಟಿನ ಫಯೂಮಿ. ಮೊಮ್ಮಕ್ಕಳ ತಲೆಮಾರಿನಲ್ಲಿ ದಪ್ಪ, ಸಣ್ಣ, ಗಟ್ಟಿ, ಮೆದು ಎಲ್ಲ ಬೆರೆತು ಬಂದವು. ಪ್ರತಿ ಕೋಳಿಯ ತೂಕ, ಕಾಲು ಮೂಳೆಯ ಉದ್ದ, ಮೂಳೆಯ ಖನಿಜ ಅಳೆದು ಮಾರ್ಕರ್ ಜೊತೆ ಹೊಂದಿಸಿದರು. ಐಜಿಎಫ್-1 ಜೀನಿನ ಸ್ವಿಚ್ಚಿನ ಜಾಗದಲ್ಲಿರುವ ಒಂದಕ್ಷರದ ವ್ಯತ್ಯಾಸ ತೂಕದ ಜೊತೆಗೂ ಮೂಳೆಯ ಜೊತೆಗೂ ಹೊಂದಿಬಂತು. ಜೀವಕೋಶಗಳ ಬೆಳವಣಿಗೆಗೆ ಸೂಚನೆ ಕೊಡುವ ಟಿಜಿಎಫ್-ಬೀಟಾ ಕುಟುಂಬದ ಜೀನುಗಳ ಜೊತೆಗೂ ಬೆಳವಣಿಗೆಯ ನಂಟು ಕಂಡಿತು.

ಇಲ್ಲಿ ಒಂದು ಎಚ್ಚರ ಬೇಕು. ಹೊಂದಿಬಂತು ಅಂದರೆ ಆ ಜೀನೇ ಎರಡೂ ಕೆಲಸ ಮಾಡಿತು ಅಂತ ಆಗಲಿಲ್ಲ. ಪಕ್ಕಪಕ್ಕದ ಎರಡು ಜೀನುಗಳು, ಒಂದು ತೂಕಕ್ಕೆ, ಒಂದು ಮೂಳೆಗೆ ಇದ್ದರೂ ಹೀಗೇ ಕಾಣುತ್ತದೆ. ಒಂದೇ ಬಸ್ಸಿನಿಂದ ಇಳಿದವರೆಲ್ಲ ಒಂದೇ ಮನೆಯವರಲ್ಲವಲ್ಲ. ಬಿಡಿಸಿ ನೋಡಲು ಆ ಸಂತತಿಯನ್ನು ತಲೆಮಾರು ಮೇಲೆ ತಲೆಮಾರು ತಮ್ಮೊಳಗೇ ಕೂಡಿಸುತ್ತಾ ಹೋಗುತ್ತಾರೆ. ಪ್ರತಿ ತಲೆಮಾರಿನಲ್ಲೂ ಕ್ರೋಮೋಸೋಮುಗಳು ತುಂಡಾಗಿ ಅದಲುಬದಲಾಗುತ್ತವೆ. ಎರಡು ಜೀನುಗಳಾಗಿದ್ದರೆ ಒಂದು ದಿನ ಬೇರೆಯಾಗುತ್ತವೆ. ಈ ವ್ಯತ್ಯಾಸ ರೈತನಿಗೂ ಮುಖ್ಯ. ಎರಡು ಜೀನುಗಳಾಗಿದ್ದರೆ ತೂಕದ್ದನ್ನು ಇಟ್ಟುಕೊಂಡು ಮೂಳೆಯ ಕೆಟ್ಟದ್ದನ್ನು ಬಿಡಬಹುದು. ಒಂದೇ ಆಗಿದ್ದರೆ ಚೌಕಾಸಿ ಮಾಡಬೇಕಾಗುತ್ತದೆ.

ತಾಯಿ ಕುಳ್ಳಿ, ಮಕ್ಕಳು ದಪ್ಪ, ಅಂಥ ಬ್ರಾಯ್ಲರ್ ಇದೆ ಅಂತಾರೆ. ಹೇಗೆ ಸಾಧ್ಯ?

ಇದೆ, ಮತ್ತು ಇದು ಬಹಳ ಚಂದದ ಲೆಕ್ಕ. ಕೋಳಿಗಳಲ್ಲಿ ಹುಂಜಕ್ಕೆ ಎರಡು ಝಡ್, ಹೇಂಟೆಗೆ ಒಂದು ಝಡ್ ಒಂದು ಡಬ್ಲ್ಯೂ. ಬೆಳವಣಿಗೆ ಹಾರ್ಮೋನಿನ ರಿಸೆಪ್ಟರ್ ಜೀನು ಝಡ್ ಮೇಲಿದೆ. ಅದು ಕೆಟ್ಟಿದ್ದರೆ ಹಾರ್ಮೋನು ಇದ್ದರೂ ಮೈಗೆ ಕೇಳಿಸುವುದಿಲ್ಲ, ಕೋಳಿ ಕುಳ್ಳಾಗುತ್ತದೆ. ಕುಳ್ಳಿ ತಾಯಿಯನ್ನು ಮಾಮೂಲಿ ಹುಂಜಕ್ಕೆ ಕೂಡಿಸಿ. ಹೆಣ್ಣು ಮಕ್ಕಳಿಗೆ ಝಡ್ ಬರುವುದು ಅಪ್ಪನಿಂದ, ಹಾಗಾಗಿ ಅವು ಮಾಮೂಲಿ. ಗಂಡು ಮಕ್ಕಳಿಗೆ ತಾಯಿಯ ಕೆಟ್ಟದ್ದೊಂದು, ಅಪ್ಪನ ಒಳ್ಳೆಯದೊಂದು. ಒಳ್ಳೆಯದು ಗೆಲ್ಲುತ್ತದೆ, ಅವೂ ಹೆಚ್ಚುಕಡಿಮೆ ಮಾಮೂಲಿ. ತಾಯಿ ಕಡಿಮೆ ತಿನ್ನುತ್ತದೆ, ಕಡಿಮೆ ಜಾಗ ಸಾಕು, ಮಕ್ಕಳು ದಪ್ಪ. ಫ್ರಾನ್ಸಿನವರು ಇದನ್ನು ವ್ಯಾಪಾರದಲ್ಲೇ ಬಳಸಿದರು.

ಮಗಳು ಎಂ.ವಿ.ಎಸ್‌ಸಿ. ಮಾಡ್ತಿದ್ದಾಳೆ. 'ಬೆಳವಣಿಗೆಗೆ ಮಾರ್ಕರ್ ಸಿಕ್ಕಿತು' ಅನ್ನೋ ಪೇಪರ್‌ಗಳನ್ನ ಎಷ್ಟು ನಂಬಬೇಕು ಅಂತ ಕೇಳ್ತಾಳೆ.

ಮೊದಲು ಎಷ್ಟು ಕೋಳಿ ಅಂತ ನೋಡಲಿ. ನೂರು ಕೋಳಿಯಲ್ಲಿ ಸಿಕ್ಕ ಮಾರ್ಕರಿನ ಪರಿಣಾಮ ಸಾಮಾನ್ಯವಾಗಿ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹತ್ತು ಜೀನು ಪರೀಕ್ಷೆ ಮಾಡಿ ಒಂದನ್ನು ಮಾತ್ರ ಬರೆದಿದ್ದಾರಾ ಅಂತ ನೋಡಲಿ. ಬೇರೆ ತಳಿಯಲ್ಲಿ ಮತ್ತೆ ಸಿಕ್ಕಿದೆಯಾ ಎಂಬುದು ಅದಕ್ಕಿಂತ ಮುಖ್ಯ. ಒಂದು ತಳಿಯಲ್ಲಿ 'ಎ' ಅಕ್ಷರದ ಪಕ್ಕ ಒಳ್ಳೆಯ ಜೀನಿದ್ದರೆ, ಇನ್ನೊಂದರಲ್ಲಿ 'ಜಿ' ಪಕ್ಕ ಇರಬಹುದು. ಒಂದೂರಿನ ಬಾಂದುಗಲ್ಲನ್ನು ಇನ್ನೊಂದೂರಿನ ಹೊಲಕ್ಕೆ ಹೊಂದಿಸಲು ಆಗುವುದಿಲ್ಲ.

ಮೂಳೆಯ ಕೆಲಸ ಮಾಡುವುದಾದರೆ ಇನ್ನೊಂದು ಮಾತು. ದಪ್ಪ ಕೋಳಿಗೆ ದಪ್ಪ ಮೂಳೆ ಇದ್ದೇ ಇರುತ್ತದೆ. ತೂಕಕ್ಕೆ ಸರಿಹೊಂದಿಸದೆ ಮೂಳೆಯ ಮಾರ್ಕರ್ ಹುಡುಕಿದರೆ, ತೂಕದ ಮಾರ್ಕರೇ ವೇಷ ಹಾಕಿಕೊಂಡು ಬರುತ್ತದೆ. ಮೂಳೆಯನ್ನು ಸುಟ್ಟು ಬೂದಿ ತೂಗುವುದು ಹಳೆಯ ವಿಧಾನ, ಆದರೆ ಈಗಲೂ ನಂಬಬಹುದಾದ್ದು. ದುಬಾರಿ ಯಂತ್ರ ಇಲ್ಲ ಅಂತ ಅವಳು ಕುಗ್ಗಬೇಕಾಗಿಲ್ಲ.

ಜೀನೋಮಿಕ್ ಸೆಲೆಕ್ಷನ್ ಬಂದ ಮೇಲೆ ಒಂದೊಂದು ಜೀನ್ ಹುಡುಕೋದು ಯಾಕೆ ಬೇಕು?

ತಳಿ ಮಾಡುವವರಿಗೆ ಈಗ ಅಷ್ಟಾಗಿ ಬೇಡ. 2001ರಲ್ಲಿ ಮ್ಯೂವಿಸೆನ್, ಹೇಯ್ಸ್, ಗಾಡರ್ಡ್ ಎಂಬ ಮೂವರು ಒಂದು ದಾರಿ ತೋರಿಸಿದರು. ದೊಡ್ಡ ಜೀನು ಹುಡುಕುವುದನ್ನು ಬಿಡಿ, ಇಡೀ ಡಿಎನ್‌ಎ ಮೇಲೆ ಹರಡಿರುವ ಸಾವಿರಾರು ಸ್ನಿಪ್ಪುಗಳ ಸಣ್ಣ ಸಣ್ಣ ಪಾಲನ್ನೆಲ್ಲ ಕೂಡಿ ಒಂದು ಅಂಕ ಕೊಡಿ ಅಂತ. ಕೋಳಿಗೆ 60,000 ಸ್ನಿಪ್ ಓದುವ ಚಿಪ್ ಬಂತು, 2013ರಲ್ಲಿ 6 ಲಕ್ಷದ್ದು ಬಂತು.

ಕಾಲಿಗೆ ಇದರಿಂದ ನಿಜವಾದ ಲಾಭ ಇದೆ. ಮೂಳೆಯ ಬಲ ಅಳೆಯಲು ಕೋಳಿಯನ್ನು ಕೊಲ್ಲಬೇಕು, ಕೊಂದದ್ದು ತಳಿಗೆ ಸಿಗುವುದಿಲ್ಲ. ಈಗ ಅಣ್ಣ ತಮ್ಮಂದಿರನ್ನು ಅಳೆದು, ಬದುಕಿರುವ ಹಕ್ಕಿಯ ಅಂಕವನ್ನು ಅದರ ಡಿಎನ್‌ಎಯಿಂದ ಲೆಕ್ಕ ಹಾಕಬಹುದು. ಆದರೂ ಒಂದೊಂದು ಜೀನು ಹುಡುಕುವವರ ಕೆಲಸ ವ್ಯರ್ಥವಲ್ಲ. ಅಂಕ ಯಾವ ಹಕ್ಕಿ ಒಳ್ಳೆಯದು ಅಂತ ಹೇಳುತ್ತದೆ. ಮೂಳೆ ಯಾಕೆ ಮೆದುವಾಯಿತು ಅಂತ ಹೇಳುವುದಿಲ್ಲ.

ಕ್ರಿಸ್ಪರ್ ಬಂದಿದೆಯಲ್ಲ, ಕಾಲಿನ ಜೀನ್ ತಿದ್ದಿಬಿಟ್ರೆ ಆಯ್ತಲ್ಲ?

ಕ್ರಿಸ್ಪರ್ ಅಂದರೆ ಡಿಎನ್‌ಎಯನ್ನು ಬೇಕಾದ ಕಡೆ ಕತ್ತರಿಸಿ ತಿದ್ದುವ ವಿಧಾನ. ಹಾಗೆ ತಿದ್ದುವುದು ಸಾಧ್ಯ ಅಂತ ಕೋಳಿಯಲ್ಲೇ ತೋರಿಸಿದ್ದಾರೆ. 2023ರಲ್ಲಿ ಬ್ರಿಟನ್‌ನವರು ಎಎನ್‌ಪಿ32ಎ ಎಂಬ ಜೀನನ್ನು ತಿದ್ದಿದರು. ಹಕ್ಕಿಜ್ವರದ ವೈರಸ್ಸು ಹೆಚ್ಚಲು ಆ ಜೀನಿನ ಪ್ರೋಟೀನು ಬೇಕು. ಸಾಮಾನ್ಯ ಪ್ರಮಾಣದ ವೈರಸ್ಸಿಗೆ ಒಡ್ಡಿದಾಗ ತಿದ್ದಿದ ಹತ್ತು ಕೋಳಿಗಳಲ್ಲಿ ಒಂಬತ್ತಕ್ಕೆ ಸೋಂಕು ತಗುಲಲಿಲ್ಲ. ಪ್ರಮಾಣ ಬಹಳ ಹೆಚ್ಚಿಸಿದಾಗ ಕೆಲವಕ್ಕೆ ತಗುಲಿತು, ವೈರಸ್ಸೂ ತನ್ನ ರೂಪ ಬದಲಿಸಿಕೊಂಡಿತು. ಒಂದೇ ಬಾಗಿಲಿನಿಂದ ಬರುವ ರೋಗಕ್ಕೇ ಇಷ್ಟು ಕಷ್ಟ ಇದೆ. ಕಾಲಿನ ಮೂಳೆಗೆ ಅಂಥ ಒಂದು ಬಾಗಿಲಿಲ್ಲ. ಸದ್ಯಕ್ಕೆ ಕಾಲನ್ನು ಸುಧಾರಿಸುವ ಕೆಲಸ ನಡೆಯುವುದು ಶುದ್ಧ ಸಾಲಿನ ಹಕ್ಕಿಗಳ ಎಕ್ಸ್‌ರೇ ತೆಗೆಯುವವರ ಕೈಯಲ್ಲಿ, ಮತ್ತೆ ರಾತ್ರಿ ಶೆಡ್ಡಿನ ಲೈಟು ಆರಿಸುವ ನಿಮ್ಮ ಕೈಯಲ್ಲಿ.